ಅವ್ವನ ಮದುವೆ ಮುಹೂರ್ತಕ್ಕೆ ಕೂಡಿಸಿದ ತಂತಿ

ಹೊಂಗೆಹಟ್ಟಿಯ ಮುನ್ನೂರರವತ್ತು ಮನೆಗೆ ಒಂದೇ ದಿನದಲ್ಲಿ ಇಂಟರ್ನೆಟ್ ತಂತಿ ಎಳೆದವನು ನಾನು. ಏಣಿ ಇಲ್ಲ, ಜೊತೆಗೊಬ್ಬ ಆಳಿಲ್ಲ. ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಂಬದಿಂದ ಕಂಬಕ್ಕೆ ಹಾರಿದ್ದು. ಇವತ್ತಿಗೂ ಒಂದು ದೂರು ಬಂದಿಲ್ಲ. ನಂಬಿಕೆ ಬರದಿದ್ದರೆ ಆ ಊರಿಗೇ ಹೋಗಿ ಕೇಳಿ ಅನ್ನುತ್ತಿದ್ದೆ. ಆದರೆ ಆ ಊರು ಈಗಿಲ್ಲ. ಕಂಬಗಳೂ ಇಲ್ಲ. ಯಾಕಿಲ್ಲ ಅಂದರೆ, ಕಡಲೆಕಾಯಿ ಸುಲಿಯುತ್ತಾ ಕೇಳಿ.

ಒಂದಾನೊಂದು ಊರಿನಲ್ಲಿ, ಬೇಡ ಅಂದರೂ ಒಬ್ಬ ರಾಜ ಇದ್ದೇ ಇರುತ್ತಾನಲ್ಲ, ಹಾಗೆ ಹೊಂಗೆಹಟ್ಟಿಗೂ ಒಬ್ಬನಿದ್ದ. ಅನುಮಾನಭೂಪ ಅಂತ. ಅವನಿಗೆ ಇದ್ದದ್ದು ಒಂದೇ ಅನುಮಾನ. ನನ್ನ ಪ್ರಜೆಗಳು ನಿಜವಾಗಿ ಬದುಕಿದ್ದಾರೋ, ಬದುಕಿದವರ ಹಾಗೆ ಓಡಾಡುತ್ತಿದ್ದಾರೋ? ಉಣ್ಣುವವನನ್ನು ತೋರಿಸಿದರೆ, "ಸತ್ತೋರಿಗೂ ಎಡೆ ಇಡ್ತೀವಲ್ಲ" ಅನ್ನುವನು. ನಗುವವನನ್ನು ತೋರಿಸಿದರೆ, "ತಲೆಬುರುಡೆ ನೋಡು, ಅದೂ ನಗ್ತಾನೇ ಇರುತ್ತೆ" ಅನ್ನುವನು.

ಕೊನೆಗೆ ಒಂದು ಕಟ್ಟಳೆ ಮಾಡಿದ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಬೀಗದ ಮನೆಗೆ ಹೋಗಿ "ಇದ್ದೀನಿ" ಅನ್ನಬೇಕು. ಬೀಗದ ಮನೆ ಅಂದರೆ, ನೀವು ವೆಬ್‌ಸೈಟ್ ಅನ್ನುತ್ತೀರಲ್ಲ, ಅದೇ. ಬೀಗ ಹಾಕಿದ್ದು. ಮನೆಯಲ್ಲಿ ತಂತಿ ಸಿಕ್ಕಿಸಿದ ಪೆಟ್ಟಿಗೆ ಮುಂದೆ ಕೂತು ತಂತಿಯೊಳಗಿಂದ ಅಲ್ಲಿಗೆ ಹೋಗಬೇಕು. ಬಾಗಿಲು ತಟ್ಟಬೇಕು. ಬೀಗ ತೆರೆಯಬೇಕು. ಆಮೇಲೆ ಒಂದೇ ಮಾತು, "ಇದ್ದೀನಿ." ಆ ವರ್ಷದ ಗಡುವು ಭಾನುವಾರ ಸೂರ್ಯ ಮುಳುಗುವವರೆಗೆ. ಅಷ್ಟರಲ್ಲಿ ಹೇಳದವರು ಸತ್ತವರು. ಅವರನ್ನು ಒಯ್ಯಲು ಚಟ್ಟದವರು ಬರುತ್ತಿದ್ದರು. ಬಹಳ ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರುವರು. ಆದರೆ ಬಂದವರು ಬರಿಗೈಲಿ ಹೋದದ್ದಿಲ್ಲ.

ಆ ಊರಿನಲ್ಲಿ ಹಪ್ಪಳ ಮಾಡುವ ಸಣ್ಣತಾಯಮ್ಮ ಅಂತ ಇದ್ದಳು. ಗಂಡ ಮುದ್ದಯ್ಯ. ಉಳಿದ ಊರೆಲ್ಲ ಹೊಸ ತಂತಿ ಬರಲಿ ಅಂತ ಕಾದಿತ್ತು, ಅವನೊಬ್ಬ ಸೋಮವಾರವೇ ಬೀಗದ ಮನೆಗೆ ಹೋಗಿ "ಇದ್ದೀನಿ" ಅಂದಿದ್ದ. ಆಗ ಮನೆಯಲ್ಲಿ ಹಳೇ ತಂತಿಯವರ ತಂತಿ ಇತ್ತು. ಬಲು ನಿಧಾನ. ಸೋಮವಾರ "ಇ" ಹೋಯಿತು. ಮಂಗಳವಾರ "ದ್ದೀ" ಹೋಯಿತು. "ನಿ" ಅನ್ನೋದು ಮುಟ್ಟುವಾಗ ಗುರುವಾರ. ನಡುವೆ ಬುಧವಾರ ಇಡೀ ದಿನ ಮುದ್ದಯ್ಯ ಅರ್ಧ ಬದುಕಿದ್ದ.

"ನನ್ನ ಕೈಲಿ ಇಷ್ಟು ಕಾಯೋಕಾಗಲ್ಲ ರೀ," ಅಂದಳು ಸಣ್ಣತಾಯಮ್ಮ. "ಅರ್ಧ ಬದುಕಿರೋ ದಿನ ಹಪ್ಪಳ ಹಾಕೋಕೂ ಆಗಲ್ಲ, ಮಲಗೋಕೂ ಆಗಲ್ಲ. ಊರವರೆಲ್ಲ ಹೊಸ ತಂತಿ ಹಾಕಿಸ್ತಾರಂತೆ. ಕೇಳೋಕೆ ಮುಂಚೆ ಉತ್ತರ ಬರುತ್ತಂತೆ."

ಹಳೇ ತಂತಿಯವರು ಬಂದು ತಮ್ಮ ತಂತಿ ಸುತ್ತಿಕೊಂಡು ಹೋದರು. ಅದರೊಳಗೆ ಇನ್ನೂ ತಲುಪದ ಮಾತುಗಳಿದ್ದವು. ದಾರಿಯುದ್ದಕ್ಕೂ ಉದುರಿಸಿಕೊಂಡೇ ಹೋದರು.

ಶುಕ್ರವಾರ ಹನ್ನೊಂದು ಗಂಟೆಗೆ ಹೊಸ ತಂತಿಯವನು ಬಂದ. ಆಜಾನುಬಾಹು. ಹಲ್ಲು ಮುತ್ತಿನ ಹಾಗೆ. ಪೆಟ್ಟಿಗೆ ಇಟ್ಟ, ತಂತಿ ಸಿಕ್ಕಿಸಿದ, ಗುಂಡಿ ಒತ್ತೋಕೆ ಕೈ ಚಾಚಿದ.

"ತಡೆಯಪ್ಪಾ," ಅಂದಳು ಸಣ್ಣತಾಯಮ್ಮ. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನಾನು ರಾಹುಕಾಲದಲ್ಲಿ ಒಲೆ ಕೂಡ ಹಚ್ಚಿದವಳಲ್ಲ."

"ಅಮ್ಮಾ, ನಿಮ್ಮದು ಮೊದಲನೇ ಮನೆ. ಇನ್ನೂ ಮುನ್ನೂರೈವತ್ತೊಂಬತ್ತು ಮನೆ ಇದಾವೆ. ಹನ್ನೆರಡರವರೆಗೆ ಕೂತ್ರೆ ನನ್ನ ಕತೆ ಮುಗೀತು."

"ಹಾಗಾದರೆ ವಾಪಸ್ ಹೋಗು."

ತಂತಿಯವನು ಬುದ್ಧಿವಂತ. ಕ್ಷಣ ಯೋಚಿಸಿದ. "ಈ ಪೆಟ್ಟಿಗೆ ಹಿಂದೆ ಒಂದು ಗಡಿಯಾರ ಇದೆ ಅಮ್ಮಾ. ಕಿವಿ ಹಿಂಡಿದರೆ ಹೊತ್ತು ಹಿಂದಕ್ಕೆ ಹೋಗುತ್ತೆ. ನಿಮಗೆ ಯಾವ ಮುಹೂರ್ತ ಬೇಕು ಹೇಳಿ, ಅದನ್ನೇ ಇಡ್ತೀನಿ. ಪೆಟ್ಟಿಗೆಗೆ ಒಳ್ಳೆ ಹೊತ್ತು ಅನ್ನಿಸಿದರೆ ಸಾಕಲ್ಲ."

ಸಣ್ಣತಾಯಮ್ಮನಿಗೆ ಇದು ಹಿಡಿಸಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗ ತೆಗೆದಳು. ತವರುಮನೆಯದು, ಅಂಚೆಲ್ಲ ಗೆದ್ದಲು ತಿಂದದ್ದು. ಅದರಲ್ಲಿ ಒಂದು ದಿನಕ್ಕೆ ಕುಂಕುಮ ಹಚ್ಚಿತ್ತು.

"ಇದು ನಮ್ಮವ್ವನ ಮದುವೆ ಮುಹೂರ್ತ. ಇಂಥಾ ಒಳ್ಳೆ ಗಳಿಗೆ ಮತ್ತೆ ಬಂದಿಲ್ಲ ಅಂತಿದ್ಲು. ಇದನ್ನೇ ಇಡು."

ತಂತಿಯವನು ಗಡಿಯಾರದ ಕಿವಿ ಹಿಂಡಿದ. ಕಿರ್ ಕಿರ್ ಅಂತ ಅರವತ್ತನಾಲ್ಕು ವರ್ಷ ಹಿಂದಕ್ಕೆ ಹೋಯಿತು. ಗುಂಡಿ ಒತ್ತಿದ. ಪೆಟ್ಟಿಗೆ ಹಸಿರು ಕಣ್ಣು ಬಿಟ್ಟಿತು. ಅವನು ಎರಡು ಲೋಟ ಮಜ್ಜಿಗೆ ಕುಡಿದು, ಪಂಚಾಂಗದ ಆ ದಿನವನ್ನು ಅಂಗೈ ಮೇಲೆ ಬರೆದುಕೊಂಡು ಹೊರಟ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ತಂತಿಯೊಳಗಿನ ಹಾಡಿನ ಮನೆಗೆ ಹೋದಳು, ಬಾಗಿಲು ತೆರೆದಿತ್ತು. ಅಡುಗೆ ಕಲಿಸುವ ಮನೆಗೆ ಹೋದಳು, ತೆರೆದಿತ್ತು. ಚಾಡಿ ಮನೆಗೆ ಬಾಗಿಲೇ ಇರಲಿಲ್ಲ. ಬೀಗವಿಲ್ಲದ ಮನೆಗಳೆಲ್ಲ ಬಾ ಬಾ ಅಂದವು.

ಶನಿವಾರ ಮಿಂದು, ಹಣೆಗಿಟ್ಟುಕೊಂಡು ಬೀಗದ ಮನೆಗೆ ಹೋದಳು. ಪೆಟ್ಟಿಗೆಯ ಹಸಿರು ಕಣ್ಣು ಕೆಂಪಾಯಿತು.

"ಮುಂದೆ ಹೋಗಬೇಡಿ ತಾಯಿ," ಅಂದಿತು ಪೆಟ್ಟಿಗೆ. "ಬಾಗಿಲಲ್ಲಿ ಇರೋದು ಬೀಗ ಅಲ್ಲ. ಬೀಗದ ವೇಷ ಹಾಕಿಕೊಂಡು ಯಾರೋ ತೂಗಾಡ್ತಾ ಇದಾರೆ."

"ನಾನೇ ಬೀಗ," ಅಂದಿತು ಬೀಗ.

"ನೀನೇ ಆದರೆ ಮುದ್ರೆ ತೋರಿಸು."

ಬೀಗ ತನ್ನ ಹೊಟ್ಟೆಯ ಮೇಲಿನ ಮುದ್ರೆ ತೋರಿಸಿತು. ಪೆಟ್ಟಿಗೆ ನೋಡಿ ನಡುಗಿತು. "ಈ ಮುದ್ರೆ ಒತ್ತಿರೋದು ಇನ್ನೂ ಬಾರದ ವರ್ಷದಲ್ಲಿ. ಆ ಕಮ್ಮಾರ ಇನ್ನೂ ಹುಟ್ಟಿಲ್ಲ. ಆ ಕಬ್ಬಿಣ ಇನ್ನೂ ಮಣ್ಣಲ್ಲಿದೆ. ತಾಯಿ, ಇಲ್ಲದ ಬೀಗ ನಮ್ಮ ಜೊತೆ ಮಾತಾಡ್ತಿದೆ. ಓಡಿ."

ಸಣ್ಣತಾಯಮ್ಮ ಓಡಿದಳು. ಓಡಿದವಳು ತನ್ನ ಮನೆಯ ಒಲೆ ಮುಂದೆ ಬಂದು ನಿಂತಳು. ಕೈಯ ಬಳೆಗಳು ಸಡಿಲವಾಗಿ ಮೊಣಕೈವರೆಗೂ ಜಾರಿದವು. ನಿನ್ನೆವರೆಗೆ ಬಿಗಿಯಾಗಿದ್ದ ಬಳೆಗಳು.

ಹೊಸ ತಂತಿಯವರ ಕಟ್ಟೆಯಲ್ಲಿ ದೂರು ಕೇಳಲು ಒಂದು ಗಿಳಿ ಇತ್ತು. ಅದರ ಹತ್ತಿರ ಹೋದಳು.

"ಆರಿಸಿ ಹಚ್ಚಿ," ಅಂದಿತು ಗಿಳಿ.

ಮನೆಗೆ ಬಂದು ಪೆಟ್ಟಿಗೆ ಆರಿಸಿ ಹಚ್ಚಿದಳು. ದೀಪ ಆರಿಸಿ ಹಚ್ಚಿದಳು. ಒಲೆ ಆರಿಸಿ ಹಚ್ಚಿದಳು. ಮುದ್ದಯ್ಯನನ್ನು ಮಲಗಿಸಿ ಎಬ್ಬಿಸಿದಳು. ಬೀಗ ತೆರೆಯಲಿಲ್ಲ. ಮತ್ತೆ ಹೋದಳು.

"ಹಳೇ ನೆನಪೆಲ್ಲ ಅಳಿಸಿ," ಅಂದಿತು ಗಿಳಿ.

ಗೋಡೆಯ ಮೇಲಿನ ಹಾಲಿನ ಲೆಕ್ಕದ ಗೀಟು ಅಳಿಸಿದಳು. ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡಿದಳು. ಹೆರಿಗೆಯ ನೋವು ಮರೆತಳು, ಓರಗಿತ್ತಿಯ ಮೇಲಿನ ಸಿಟ್ಟೂ ಮರೆತಳು. ಅದೊಂದೇ ಕಷ್ಟವಾದದ್ದು. ಬೀಗ ತೆರೆಯಲಿಲ್ಲ. ಮೂರನೇ ಸಲ ಹೋದಳು.

"ಹಾಗಾದರೆ ದೂರು ಬರ್ಕೋತೀನಿ," ಅಂದಿತು ಗಿಳಿ. "ಹುಟ್ಟಿದ ವರ್ಷ?" ಹೇಳಿದಳು. ಗಿಳಿ ಕತ್ತು ಓರೆ ಮಾಡಿ ನೋಡಿತು. "ನಿಮ್ಮ ಪೆಟ್ಟಿಗೆ ಪ್ರಕಾರ ನೀವು ಹುಟ್ಟೋಕೆ ಇನ್ನೂ ಎರಡು ವರ್ಷ ಇದೆ. ಹುಟ್ಟದವರ ದೂರು ತಗೊಳ್ಳಲ್ಲ. ಸತ್ತವರದೂ ತಗೊಳ್ಳಲ್ಲ. ಬದುಕಿ ಬನ್ನಿ."

ಸಣ್ಣತಾಯಮ್ಮ ತಿರುಗಿ ನಡೆದಳು. ಮನೆಗೆ ಬರುವಾಗ ಅವಳ ನೆರಳು ಹತ್ತು ಹೆಜ್ಜೆ ಹಿಂದೆ ಉಳಿದು, ಬರಲೋ ಬೇಡವೋ ಅಂತ ನಿಂತಿತ್ತು.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳೋದು? ಬೀಗ ತೆರೆಯುತ್ತಿಲ್ಲ ಅಂದರೆ ಸತ್ತಿದ್ದಾಳೆ ಅನ್ನುತ್ತಾರೆ. ಪಕ್ಕದ ಮನೆಯ ಕೆಂಪರಾಜಮ್ಮ ಬೇಲಿಯಾಚೆಯಿಂದ ಕೇಳಿದಳು, "ಏನಕ್ಕಾ, 'ಇದ್ದೀನಿ' ಅಂದು ಬಂದೆಯಾ?"

"ಆಗಲೇ ಆಯ್ತಲ್ಲ. ನಿಂದು?"

"ನಂದೂ ಆಯ್ತು," ಅಂದ ಕೆಂಪರಾಜಮ್ಮನ ಬಳೆಯೂ ಮೊಣಕೈಯಲ್ಲಿತ್ತು. ಸಣ್ಣತಾಯಮ್ಮ ನೋಡಿದಳು. ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಭಾನುವಾರ ಬೆಳಿಗ್ಗೆ ಚಟ್ಟದವರು ಬಂದರು. ಕಾಲು ತೊಳೆದರು. ಅವರ ಹಿರಿಯ ಕೈಮುಗಿದು, "ಗಾಬರಿಯಾಗಬೇಡಿ ತಾಯಿ. ಇನ್ನೂ ಹೊತ್ತಿದೆ. ಅಳತೆ ತಗೊಂಡು ಜಗಲಿ ಮೇಲೆ ಕೂತಿರ್ತೀವಿ," ಅಂದ. ಅವಳ ಉದ್ದ ಅಳೆದ. ಹುಬ್ಬು ಗಂಟಿಕ್ಕಿ ಮತ್ತೆ ಅಳೆದ. "ಒಂದೊಂದು ಸಲಕ್ಕೂ ಗೇಣು ಗೇಣು ಕಮ್ಮಿ ಆಗ್ತಿದೀರಲ್ಲ ತಾಯಿ. ಬಿದಿರು ವೇಸ್ಟು."

"ರೀ, ನೀವಾದರೂ ಹೇಳ್ರಿ ನಾನು ಬದುಕಿದೀನಿ ಅಂತ," ಅಂದಳು ಸಣ್ಣತಾಯಮ್ಮ.

ಮುದ್ದಯ್ಯ ತಲೆ ತಗ್ಗಿಸಿದ. "ನಾನು ಕಂಡೆ ಅಂದ್ರೆ, ಸತ್ತವರು ನಿಂಗೆ ಹೆಂಗೆ ಕಂಡ್ರು ಅಂತ ರಾಜ ನನ್ನ ಮೇಲೂ ಅನುಮಾನ ಪಡ್ತಾನೆ ಕಣೇ." ಆಮೇಲೆ ಮೆಲ್ಲಗೆ, "ಮಧ್ಯಾಹ್ನ ಸಾರಿಗೆ ಉಪ್ಪು ಎಲ್ಲಿದೆ ಅಂತ ಈಗಲೇ ಹೇಳಿಬಿಡು."

ಹೊತ್ತು ಇಳಿಯಿತು. ಜಗಲಿಯಲ್ಲಿ ಬಿದಿರು ಸೀಳುವ ಸದ್ದು. ಸಣ್ಣತಾಯಮ್ಮ ಪೆಟ್ಟಿಗೆ ಮುಂದೆ ಕೂತಿದ್ದಳು. ಅವಳೀಗ ಎಷ್ಟು ಚಿಕ್ಕವಳಾಗಿದ್ದಳೆಂದರೆ ಕಾಲು ಮಣೆಯಿಂದ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಆಗ ಪೆಟ್ಟಿಗೆಯೊಳಗಿಂದ ಓಲಗದ ಸದ್ದು ಬಂತು. ಆಮೇಲೆ ಹೆಂಗಸರ ಸೋಬಾನೆ. ಆಮೇಲೆ ಒಬ್ಬ ಹುಡುಗಿ ಬಿಕ್ಕುತ್ತಿರುವುದು.

"ಯಾರದದು?" ಅಂದಳು.

"ಮೊನ್ನೆ ಮದುವೆಯಾದ ಹುಡುಗಿ," ಅಂದಿತು ಪೆಟ್ಟಿಗೆ. "ಇವತ್ತು ಮೂರನೇ ದಿನ. ಹೆಣ್ಣು ಒಪ್ಪಿಸಿ ಕೊಡ್ತಿದಾರೆ."

ಆ ಬಿಕ್ಕಳಿಕೆ ಅವಳಿಗೆ ಗೊತ್ತಿತ್ತು. ಜ್ವರ ಬಂದಾಗ ಅವಳ ಹಣೆ ಮುಟ್ಟಿ ಹೀಗೇ ಬಿಕ್ಕುತ್ತಿದ್ದಳು ಅವ್ವ. ಸಣ್ಣತಾಯಮ್ಮ ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಕೂತಳು. ಅವ್ವ ಹೋಗಿ ಇಪ್ಪತ್ತು ವರ್ಷವಾಗಿತ್ತು. ಇನ್ನೊಂದು ಚೂರು ಕೇಳೋಣ ಅನ್ನಿಸಿತು. ಇನ್ನೊಂದೇ ಚೂರು. ಬಳೆ ಕೈಯಿಂದ ಕಳಚಿ ಬಿತ್ತು. ಠಣ್ ಅಂದಿತು.

ಆಗ ಹೊಳೆಯಿತು. ಈ ಮನೆಯಲ್ಲಿ ಅವ್ವನ ಮದುವೆ ನಡೆಯುತ್ತಿದೆ. ಹಾಗಾಗಿ ನಾನಿನ್ನೂ ಇಲ್ಲ. ಬೀಗವೂ ಇಲ್ಲ. ಇಬ್ಬರೂ ಇಲ್ಲದವರು, ಬಾಗಿಲು ಯಾರು ತೆಗೆಯಬೇಕು?

ಗಡಿಯಾರದ ಕಿವಿಗೆ ಕೈ ಹಾಕಿದಳು. ಹಾಕಿದ ಕೈ ಹಾಗೇ ನಿಂತಿತು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರು, ಮುಗಿಯೋದು ಸೂರ್ಯ ಮುಳುಗುವಾಗಲೇ. ಈಗ ಐದೂವರೆ. ಹುಟ್ಟಿದಾಗಿನಿಂದ ರಾಹುಕಾಲದಲ್ಲಿ ಒಲೆ ಹಚ್ಚಿದವಳಲ್ಲ, ಹೊಸಿಲು ದಾಟಿದವಳಲ್ಲ.

"ಕಟ್ಟು ಮುಗೀತಾ ಬಂತು ತಾಯಿ," ಅಂದ ಹಿರಿಯ ಜಗಲಿಯಿಂದ. "ತಲೆದಿಂಬು ಬೇಕೋ, ಹಾಗೇ ನಡೆಯುತ್ತೋ?"

ಸಣ್ಣತಾಯಮ್ಮ ಕಣ್ಣು ಮುಚ್ಚಿದಳು. "ತಪ್ಪಾಯ್ತವ್ವಾ," ಅಂದಳು. ಯಾವ ತಪ್ಪು ಅಂತ ಅವಳಿಗೂ ಗೊತ್ತಿರಲಿಲ್ಲ. ಕಿವಿ ಹಿಡಿದು ಮುಂದಕ್ಕೆ ತಿರುಗಿಸಿದಳು. ಓಲಗ ನಿಂತಿತು. ಒಂದು ಮಗು ಅತ್ತಿತು, ಅದು ಅವಳೇ. ಶಾಲೆ ಗಂಟೆ, ಮತ್ತೊಂದು ಓಲಗ, ಹಪ್ಪಳದ ಲಟ್ಟಣಿಗೆಯ ಸದ್ದು. ಅರವತ್ತನಾಲ್ಕು ವರ್ಷ ಸರಸರ ಬಂದು ಭಾನುವಾರ ಐದೂವರೆಗೆ ನಿಂತಿತು. ಕಾಲು ನೆಲಕ್ಕೆ ಮುಟ್ಟಿತು.

ಪೆಟ್ಟಿಗೆ ಹಸಿರು ಕಣ್ಣು ಬಿಟ್ಟು ಬೀಗವನ್ನು ನೋಡಿತು. "ಓ, ನೀನಾ," ಅಂದಿತು. ಬೀಗ ಟಕ್ ಅಂತ ತೆರೆಯಿತು.

"ಇದ್ದೀನಿ," ಅಂದಳು ಸಣ್ಣತಾಯಮ್ಮ.

ಚಟ್ಟದವರ ಹಿರಿಯ ಒಳಗೆ ಬಂದು ನೋಡಿ, ಕೈಮುಗಿದು, "ಬಹಳ ಸಂತೋಷ. ಹಾಗಾದರೆ ಪಕ್ಕದ ಮನೆಗೆ ಹೋಗ್ತೀವಿ," ಅಂದ.

ಸಣ್ಣತಾಯಮ್ಮ ಹೊರಗೆ ಬಂದು ನೋಡುತ್ತಾಳೆ, ಬೀದಿಯುದ್ದಕ್ಕೂ ಮನೆಮನೆ ಜಗಲಿಯಲ್ಲೂ ಬಿದಿರು. ಎಲ್ಲ ಮನೆಯ ಪೆಟ್ಟಿಗೆಯಿಂದಲೂ ಓಲಗ. ಅದೇ ಓಲಗ, ಅದೇ ಬಿಕ್ಕಳಿಕೆ. ಮುನ್ನೂರೈವತ್ತೊಂಬತ್ತು ಮನೆಯಲ್ಲಿ ಅವಳ ಅವ್ವನ ಮದುವೆ. ಎಲ್ಲರೂ ರಾಹುಕಾಲ, ಯಮಗಂಡ ಅಂತ ಒಂದೊಂದು ಕೆಟ್ಟ ಹೊತ್ತು ಹೇಳಿದ್ದಾರೆ, ತಂತಿಯವನು ಎಲ್ಲರಿಗೂ ಅಂಗೈ ನೋಡಿ ಅದೇ ಮುಹೂರ್ತ ಇಟ್ಟಿದ್ದಾನೆ. ನಾನು ಮಾತ್ರ ಸತ್ತಿದ್ದೀನೇನೋ ಅಂತ ಹೆದರಿ ಯಾರೂ ಯಾರಿಗೂ ಹೇಳಿಲ್ಲ.

ಓಡಿದಳು. "ಗಡಿಯಾರ ತಿರುಗಿಸ್ರಪ್ಪಾ, ಗಡಿಯಾರ ತಿರುಗಿಸ್ರವ್ವಾ," ಅಂತ ಬಾಗಿಲು ಬಾಗಿಲು ಬಡಿದಳು.

ಕೆಂಪರಾಜಮ್ಮ ಕಿಟಕಿಯಿಂದ ಇಣುಕಿದಳು. ಕಿಟಕಿಯ ಕಟ್ಟೆಗೆ ಅವಳ ಮೂಗು ಮಾತ್ರ ಎಟುಕುತ್ತಿತ್ತು. "ಈಗ್ಲೇ? ರಾಹುಕಾಲದಲ್ಲಾ? ಹೋಗಕ್ಕಾ. ಇನ್ನರ್ಧ ಗಂಟೆ. ಸೂರ್ಯ ಮುಳುಗಲಿ, ತಿರುಗಿಸ್ತೀನಿ."

ಎರಡನೇ ಮನೆಯವರೂ ಅದನ್ನೇ ಅಂದರು. ಮೂರನೇ ಮನೆಯವರೂ ಅದನ್ನೇ ಅಂದರು. ಮುನ್ನೂರೈವತ್ತೊಂಬತ್ತನೇ ಮನೆಯವರು ಅನ್ನುವಷ್ಟರಲ್ಲಿ ಸೂರ್ಯ ಮುಳುಗಿದ. ರಾಹುಕಾಲ ಮುಗಿಯಿತು. ಊರಿನವರೆಲ್ಲ ನೆಮ್ಮದಿಯಾಗಿ ಗಡಿಯಾರದ ಕಿವಿಗೆ ಕೈ ಹಾಕಿದರು. ಚಟ್ಟದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಊರಿನಲ್ಲಿ ಉಳಿದವರು ಇಬ್ಬರು. ಸಣ್ಣತಾಯಮ್ಮ ಲಟ್ಟಣಿಗೆ ತಗೊಂಡಳು, ಮುದ್ದಯ್ಯ ಉಪ್ಪಿನ ಮರಿಗೆ ತಗೊಂಡ, ಹಿಂದಕ್ಕೆ ನೋಡದೆ ನಡೆದರು. ಅವಳ ನೆರಳು ಮುಂದೆ ಮುಂದೆ ಓಡುತ್ತಿತ್ತು. ಅವರ ದಾರಿ ಅವರಿಗೆ, ಕಡಲೆಕಾಯಿ ಸಿಪ್ಪೆ ನಿಮಗೆ. ನೀತಿ ಏನಪ್ಪಾ ಅಂದರೆ, ತಂತಿ ಹಾಕಿಸುವುದಾದರೆ ನನ್ನಂಥ ಕೈಪಳಗಿದವನ ಕೈಲೇ ಹಾಕಿಸಬೇಕು.

ಇಷ್ಟು ಹೇಳಿ ನಾನು ಬೊಗಸೆ ಚಾಚಿದೆ. ಸುಲಿದ ಕಾಳು, ಎದುರು ಕೂತು ಕತೆ ಕೇಳುತ್ತಿದ್ದ ಜಯಕ್ಕನ ಮೊರದಲ್ಲಿತ್ತು. ಅವಳು ಕೊಡಲಿಲ್ಲ.

"ತಾತ, ಆ ಊರಿನ ಮುನ್ನೂರರವತ್ತು ಮನೆಗೂ ತಂತಿ ಎಳೆದೋನು ನೀನೇ ಅಂದ್ಯಲ್ಲ."

"ಹೂಂ. ಒಂದೇ ದಿನದಲ್ಲಿ."

"ಹಾಗಾದರೆ ಆ ಗಡಿಯಾರ ತಿರುಗಿಸಿದೋನು?"

ನಾನು ಹೆಗಲ ಮೇಲಿನ ಟವಲು ತೆಗೆದು ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡೆ.

"ದೂರು ಬಂದಿಲ್ಲ ಅಂದೆನಲ್ಲಮ್ಮ."