ಮಗ್ಗದ ಮನೆಯ ಕಂಪ್ಯೂಟರ್

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ನೇಯ್ದ ಸೀರೆಯಿಂದಲೇ ಅಲ್ಲಿಯವರ ಅನ್ನ.

ಕಚೇರಿಯ, ಮಗ್ಗದ ಮನೆಯ ಕಂಪ್ಯೂಟರುಗಳು ಹಳೆಯವಾಗಿದ್ದವು. ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು, ನೋಡು ಎಂದು ಗುರುಗಳು ಶಿಷ್ಯ ಕಲ್ಲಿನಾಥನಿಗೆ ಹೇಳಿದರು. ಸರಿಯಾಗಿ ಆರಿಸಿದರೆ ಕಚೇರಿಯ ಹೊಣೆಯೂ ಅವನಿಗೇ ಸಿಗುವುದಿತ್ತು.

ಕಲ್ಲಿನಾಥ ಹಸಿವು ಮರೆತು ಕೂತ. ಆಮೇಲೆ ಎದೆ ಉಬ್ಬಿಸಿಕೊಂಡು ಬಂದ.

"ಅಜ್ಜಾರ, ಮೂರೂ ತೂಗಿ ನೋಡೀನ್ರಿ. ವಿಂಡೋಸ್ ಎಲ್ಲಾರಿಗೂ ಗೊತ್ತಿದ್ದದ್ದು, ವ್ಯಾಪಾರಕ್ಕ ಬೇಕಾದ್ದು ಅದರಾಗ ಸಿಗತದ. ಮ್ಯಾಕ್ ಚಂದ, ಆದರ ಯಂತ್ರಾನೂ ಅದರದ ಆಗಬೇಕು, ತುಟ್ಟಿ. ಲಿನಕ್ಸ್ ಪುಕ್ಕಟೆ. ಹಳೇ ಯಂತ್ರದಾಗೂ ಓಡತದ."

"ಯಾವುದು ಛಲೋ?"

"ಲಿನಕ್ಸ್ ರೀ. ಕಚೇರಿಗೂ ಅದ, ದಿನದ ಬಳಕೆಗೂ ಅದ. ಎಲ್ಲಾ ಕಡೆ ಒಂದ ಇದ್ರ ರಿಪೇರಿನೂ ಸಸಾರ."

"ಹಾಕು."

ಹಾಕಿದ.

ಮರುದಿನ ಮಗ್ಗದ ಮನೆಯಲ್ಲಿ ಮುದುಕ ನೇಕಾರ ಈರಪ್ಪ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದ. ಎರಡೂ ಕೈ ತೊಡೆಯ ಸಂದಿಯಲ್ಲಿ.

ಪೇಟೆಯ ಅಂಗಡಿಗಳಿಗೆ ಸೀರೆಯ ಫೋಟೋ ಕಳಿಸುತ್ತಿದ್ದವಳು ಅವನ ಹೆಂಡತಿ ಗುರಶಾಂತವ್ವ. ಹೋದ ಚಳಿಗಾಲ ತೀರಿಕೊಂಡಳು. ಹೋಗುವ ಮೊದಲು ಗಂಡನಿಗೆ ಕಲಿಸಿದ್ದಳು: ಪರದೆಯ ಮೇಲಿನ ಹಸಿರು ಚಿತ್ರ ಒತ್ತು, ಆಮೇಲೆ ಅದರ ಕೆಳಗಿನದು.

"ಹಸಿರು ಚಿತ್ರ ಎಲ್ಲಿ ಹೋತೋ ತಮ್ಮಾ?" ಎಂದು ಕಲ್ಲಿನಾಥನನ್ನು ಕೇಳಿದ.

"ಇದು ಅದಕ್ಕಿಂತ ಛಲೋ ಐತಿ ಕಾಕಾ. ನಾ ಕಲಸ್ತೀನಿ."

"ಅಕಿ ಕಲಿಸಿದ್ದು ಸಾಕಾಗಿತ್ತಪಾ."

ಈರಪ್ಪ ಎದ್ದು ಹೋದ. ಆ ದಿನ ಫೋಟೋ ಹೋಗಲಿಲ್ಲ.

"ಮುದುಕಗ ಹೊಸಾದು ಸೇರೂದಿಲ್ರಿ" ಎಂದು ಕಲ್ಲಿನಾಥ ದೂರು ಒಯ್ದ.

ಗುರುಗಳು ಎದ್ದು ಅಡುಗೆಮನೆಗೆ ಹೋದರು.

ಸಾಯಂಕಾಲ ಸಾರಿನ ಪಾಳಿ ಕಲ್ಲಿನಾಥನದು. ಮಾತಾಡುತ್ತಲೇ ಎಂದಿನಂತೆ ಉಪ್ಪಿಗೆಂದು ಹಲಗೆಯ ತುದಿಗೆ ಕೈ ಚಾಚಿದ, ಡಬ್ಬಿ ತೆಗೆದ, ಹಾಕಿದ, ಇಳಿಸಿದ.

ಪಂಕ್ತಿಯಲ್ಲಿ ಕೂತವರು ಒಂದು ತುತ್ತು ತಿಂದು ಮುಖ ಮುಖ ನೋಡಿಕೊಂಡರು.

"ಸಾರಿಗೆ ಸಕ್ಕರಿ?" ಎಂದಳು ನೂಲು ಸುತ್ತುವ ಬಾಳವ್ವ. "ಯಾವ ಬೀಗರು ಬಂದಾರೋ ಕಲ್ಲಿನಾಥಾ?"

ಪಂಕ್ತಿಯೆಲ್ಲ ನಕ್ಕಿತು.

ಕಲ್ಲಿನಾಥ ಒಳಗೆ ಓಡಿದ. ಹಳೆಯ ಡಬ್ಬಿ ಒಂದೂ ಇಲ್ಲ. ಎಲ್ಲ ಹೊಸವು, ಥಳಥಳ ಹೊಳೆಯುವ ಸ್ಟೀಲು, ಒಂದೇ ಅಳತೆ. ಉಪ್ಪಿನ ಜಾಗದಲ್ಲಿ ಸಕ್ಕರೆ.

ಬೆನ್ನಹಿಂದೆ ಗುರುಗಳು.

"ನಾನ ಬದಲಿಸಿದೆ. ಅವಕ್ಕಿಂತ ಇವು ಛಲೋ ಅದಾವಲ್ಲ?"

"ಛಲೋ ಅದಾವ್ರಿ. ಆದರ ನನ್ನ ಕೈ ಹಳೇ ಜಾಗಕ್ಕ ಹೋತ್ರಿ..."



ಬೆಳಗಾದದ್ದೇ ಕಲ್ಲಿನಾಥ ಮಗ್ಗದ ಮನೆಗೆ ಹೋದ. ಪುಣ್ಯಕ್ಕೆ ಹಳೆಯದರ ನಕಲು ಇಟ್ಟಿದ್ದ. ಅದನ್ನೇ ಮತ್ತೆ ಹಾಕಿದ, ಹಸಿರು ಚಿತ್ರ ತನ್ನ ಜಾಗಕ್ಕೆ ಬಂತು.

"ಬಾ ಕಾಕಾ. ಗುರಶಾಂತವ್ವ ಕಾಕು ಇಟ್ಟಂಗ ಐತಿ."

ಈರಪ್ಪ ತಲೆಯ ಪಟಗ ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ. ಒಂದೇ ಬೆರಳು. ಹಸಿರು ಚಿತ್ರ, ಅದರ ಕೆಳಗಿನದು. ಫೋಟೋಗಳು ಪೇಟೆಗೆ ಹೋದವು.

"ನಮ್ಮಾಕಿ ಕಲಿಸಿದ್ದು!" ಎಂದ, ಮಗ್ಗದ ಸದ್ದಿನ ಮೇಲೂ ಕೇಳುವಂತೆ.

ಬಾಗಿಲಲ್ಲಿ ಗುರುಗಳು ನಿಂತಿದ್ದರು. ಕಲ್ಲಿನಾಥ ತಲೆ ತಗ್ಗಿಸಿದ.

"ಅಜ್ಜಾರ, ಹಂಗಾರ ಯಾವುದು ಛಲೋ ಅಂತ ಹೆಂಗ ತಿಳೀಬೇಕ್ರಿ?"

ಗುರುಗಳು ಕಚೇರಿಯ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟರು.

"ಅದರ ಮುಂದ ಕೂತವರ ಬೆನ್ನು ನೋಡು."