ನಾಲ್ಕು ಮೂಲೆಗೆ ಅರಿಶಿನ

ನಗೋರು ನಗಿ, ನಾನು ಬೇಡ ಅನ್ನಲ್ಲ. ಆದ್ರೆ ಕತೆ ಮುಗಿಯೋ ಮುಂಚೆ ಎದ್ದು ಹೋದ್ರೆ ಮಾತ್ರ ನನಗೆ ಕೆಟ್ಟ ಸಿಟ್ಟು ಬರುತ್ತೆ. ಹೂಂ ಅಂತೀರಾ? ಸರಿ, ಕೂತ್ಕೊಳ್ಳಿ.

ಒಬ್ಬಳು ತಾಯಿ, ಹೊನ್ನಮ್ಮ ಅಂತ. ಅವಳಿಗೊಬ್ಬ ಮಗ, ಗವಿಯ ಅಂತ. ಪೆದ್ದ. ಸುಳ್ಳು ಹೇಳಲ್ಲ, ಕದಿಯಲ್ಲ, ಎದುರು ಮಾತಾಡಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಾನೆ, ಅದೇ ಕಷ್ಟ. "ಬಾಗಿಲು ನೋಡ್ಕೊಳೋ" ಅಂದ್ರೆ ಸಂಜೆ ತನಕ ಬಾಗಿಲನ್ನೇ ನೋಡ್ಕೊಂಡು ಕೂತಿರ್ತಾನೆ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದು ಹೋಗಿರುತ್ತೆ.

"ಅಯ್ಯೋ ನನ್ನ ಕರ್ಮವೇ! ನಾನು ಸತ್ತ ಮೇಲೆ ನಿನ್ನ ಗತಿ ಏನೋ?" ಅಂತ ಹೊನ್ನಮ್ಮ ಹಣೆ ಚಚ್ಚಿಕೊಳ್ಳೋಳು.

"ನೀನು ಹೇಳಿ ಹೋಗವ್ವ, ಹಾಗೇ ಮಾಡ್ತೀನಿ" ಅನ್ನೋನು ಗವಿಯ.

ಹೊನ್ನಮ್ಮನ ಕಸುಬು ಕಾರ್ಡು ಮಾಡೋದು. ದಪ್ಪ ಹಾಳೆ ಕತ್ತರಿಸಿ, ಮಡಚಿ, ಹಳೇ ಸೀರೆಯ ಜರಿ ಅಂಟಿಸಿ, ಬಣ್ಣದಲ್ಲಿ ಚಿತ್ರ ಬರೆದು, ಒಳಗೆ ಚೆಂದದ ಎರಡು ಮಾತು ಬರೆಯೋಳು. ನಾಮಕರಣಕ್ಕೆ ತೊಟ್ಟಿಲು, ಮದುವೆಗೆ ಬಾಸಿಂಗ, ಸಂಕ್ರಾಂತಿಗೆ ಕಬ್ಬಿನ ಜಲ್ಲೆ. ಅಂಗಡಿ ಕಾರ್ಡು ಯಾರಿಗೆ ಬೇಕು? ಹೊನ್ನಮ್ಮನ ಕಾರ್ಡೇ ಆಗಬೇಕು ಅನ್ನೋರು ಜನ. ಆದ್ರೆ ಶುಭದ ಕಾರ್ಡಿಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕಲ್ಲ, ಹೊನ್ನಮ್ಮ ಗಂಡ ಸತ್ತವಳು. "ಚಿತ್ರ ನೀನೇ ಬರಿ, ಅರಿಶಿನ ಮಾತ್ರ ನಿನ್ನ ಕೈಲಿ ಬೇಡಮ್ಮ" ಅಂತ ಊರು ಮುಖದ ಮೇಲೇ ಹೇಳ್ತು. ಎಂಥಾ ಊರೋ ಅದು! ಅವಳು ಬರೆದ ತೊಟ್ಟಿಲು ಬೇಕು, ಅವಳ ಬೆರಳಿನ ಅರಿಶಿನ ಬೇಡ. ಅದಕ್ಕೇ ಮೂಲೆಯ ಕೆಲಸ, ಮನೆಮನೆಗೆ ಕೊಟ್ಟು ಬರೋ ಕೆಲಸ, ಎರಡೂ ಗವಿಯನ ಪಾಲಿಗೆ ಬಿತ್ತು.

ಇನ್ನೊಂದು ಹೇಳಬೇಕು. ಹೊನ್ನಮ್ಮನಿಗೆ ಒಬ್ಬಳು ಮಗಳೂ ಇದ್ದಳು, ದೇವೀರಿ. ಗವಿಯನ ಅಕ್ಕ. ತಾಯಿ ಒಪ್ಪದ ಹುಡುಗನನ್ನು ಮೆಚ್ಚಿ ಮದುವೆಯಾಗಿ ಹೊರಟುಹೋದಳು. ಊರ ಮಕ್ಕಳ ಮದುವೆಗೆಲ್ಲ ಕಾರ್ಡು ಬರೆದವಳು ತನ್ನ ಮಗಳ ಮದುವೆಗೆ ಬರೆಯಲಿಲ್ಲ. ತಾನು ಕಣ್ಣು ಮುಚ್ಚೋದರೊಳಗೆ ಮಗಳು ಒಂದ್ಸಲ ಈ ಹೊಸಿಲು ತುಳೀಬೇಕು ಅನ್ನೋದೊಂದೇ ಹೊನ್ನಮ್ಮನ ಆಸೆ. ಆದ್ರೆ ಬಾಯಿ ಬಿಟ್ಟು ಕರೆಯಲ್ಲ. ಹಟ ಅಂದ್ರೆ ಹಟ.

ಮೊದಲನೇ ಸಲ ಏನಾಯ್ತು ಕೇಳಿ. ಪಟೇಲರ ಮನೇಲಿ ಮೊಮ್ಮಗ ಹುಟ್ಟಿದ. ಹೊನ್ನಮ್ಮ ತೊಟ್ಟಿಲಿನ ಕಾರ್ಡು ಬರೆದು, "ಲೋ ಗವಿಯ, ಕಾರ್ಡು ಅಂದ್ರೆ ಎಳೇ ಮಗು ಇದ್ದ ಹಾಗೆ. ಮಗೂನ ನೋಡ್ಕೊಳ್ಳೋ ಹಾಗೆ ನೋಡ್ಕೊಂಡು ಕೊಟ್ಟು ಬಾ" ಅಂದಳು.

ಗವಿಯ ಏನು ಮಾಡಿದ? ಬಿಸಿನೀರು ಕಾಯಿಸಿದ. ಕಾರ್ಡಿಗೆ ಹರಳೆಣ್ಣೆ ಹಚ್ಚಿದ. ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದ. ಸಾಂಬ್ರಾಣಿ ಹೊಗೆ ಹಾಕಿದ, ಬಟ್ಟೆ ಸುತ್ತಿದ, ಎದೆಗವಚಿಕೊಂಡು ಹೋಗಿ ಪಟೇಲರ ಕೈಗಿಟ್ಟ. ಬಿಚ್ಚಿ ನೋಡಿದ್ರೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ, ಬರೀ ಹಿಟ್ಟಿನ ಮುದ್ದೆ!

"ಅಯ್ಯೋ ಪೆದ್ದ! ಕಾರ್ಡಿಗೆ ನೀರು ತಾಗಿಸಬಾರದು ಕಣೋ! ನೀರು ತಾಗಿದ್ರೆ ಕದಡಿಹೋಗುತ್ತೆ!"

"ಮತ್ತೇನು ಮಾಡ್ಲವ್ವ?"

"ನಾಲ್ಕು ಮೂಲೆಗೆ ಅರಿಶಿನ ಹಚ್ಚು. ಬಾಗಿಲಲ್ಲಿ ನಿಂತು ನಗನಗ್ತಾ 'ನಿಮ್ಮ ಮನೇಲಿ ಇಂಥದ್ದು ನೂರಾಗಲಿ' ಅನ್ನು. ಕೊಟ್ಟು ಬಾ."

"ಹೂಂನವ್ವ, ಹಾಗೇ ಮಾಡ್ತೀನಿ."

ಮಾಡಿದ. ಆದ್ರೆ ಅಷ್ಟೊತ್ತಿಗೆ ಎಣ್ಣೆಗಾಣದ ಚೆನ್ನಬಸಪ್ಪನೋರ ತಂದೆ ತೀರಿಕೊಂಡಿದ್ರು. ತಿಥಿಯ ಕಾರ್ಡು ಬರೆಸಿದ್ರು. ಹೊನ್ನಮ್ಮ ಬರೆದು ಒಣಗೋಕೆ ಇಟ್ಟು ನೀರಿಗೆ ಹೋಗಿ ಬರೋದ್ರೊಳಗೆ ಗವಿಯ ಕಾರ್ಡಿನ ಕಟ್ಟನ್ನೇ ತಗೊಂಡು, ನಾಲ್ಕು ಮೂಲೆಗೂ ಅರಿಶಿನ ಮೆತ್ತಿ, ಸಾವಿನ ಮನೆ ಬಾಗಿಲಲ್ಲಿ ಹಲ್ಲು ಕಿರಿದು ನಿಂತ.

"ನಿಮ್ಮ ಮನೇಲಿ ಇಂಥದ್ದು ನೂರಾಗಲಿ!"

ನಗಬೇಡ್ರೋ. ಆ ಮನೆಯ ಮುದುಕಿ ಒಳಗಿಂದ ಗೊಳೋ ಅಂತ ಅತ್ತಳು. ಗವಿಯನಿಗೆ ಬಿದ್ದ ಏಟು ಅವನ ಬೆನ್ನಿಗೇ ಗೊತ್ತು. ಹೊನ್ನಮ್ಮ ಹೋಗಿ ಕಾಲಿಗೆ ಬಿದ್ದು ಕರೆತಂದಳು.

"ಅಯ್ಯೋ ಪೆದ್ದ! ಸಾವಿನ ಕಾರ್ಡಿಗೆ ಅರಿಶಿನ ಹಚ್ತಾರೇನೋ? ಅದಕ್ಕೆ ದೀಪದ ಮಸಿ! ಮೂಲೇಲಿ ಕಪ್ಪು ಕಂಡ್ರೆ ಯಾರೂ ಒಳಗೆ ತಗೊಳ್ಳಲ್ಲ. ಬಿಚ್ಚಿ ಓದೋದೂ ಇಲ್ಲ. ಹೊಸಿಲಾಚೆಗೇ ಹರಿದು ಹಾಕಿ, ತಲೆಗೆ ನೀರು ಹುಯ್ಕೊಂಡು ಸಾವಿನ ಮನೆಗೆ ಹೊರಟುಬಿಡ್ತಾರೆ."

"ಯಾವುದು ಸಾವಿಂದು ಅಂತ ನನಗೆ ಹೆಂಗೆ ಗೊತ್ತಾಗಬೇಕವ್ವ?"

"ಮಾಡಿಸೋಕೆ ಬಂದೋರ ಕಣ್ಣು ನೋಡು. ಕಣ್ಣಲ್ಲಿ ನೀರಿದ್ರೆ ಮಸಿ. ಇಲ್ದಿದ್ರೆ ಅರಿಶಿನ."

"ಹೂಂನವ್ವ, ಹಾಗೇ ಮಾಡ್ತೀನಿ."

ಸಂಕ್ರಾಂತಿ ಬಂತು. ಈರುಳ್ಳಿ ಮಂಡಿ ಸಾಹುಕಾರರು ನೆಂಟರಿಗೆಲ್ಲ ಹಬ್ಬದ ಕಾರ್ಡು ಮಾಡಿಸೋಕೆ ಮಂಡಿಯಿಂದ ನೇರ ಬಂದ್ರು. ಇಡೀ ದಿನ ಈರುಳ್ಳಿ ಮಧ್ಯೆ ಕೂತೋರು, ಕಣ್ಣು ಧಾರಾಕಾರ! ಗವಿಯ ನೋಡಿದ. ಪಾಪ ಅಂದ. ಕಬ್ಬಿನ ಜಲ್ಲೆ ಬರೆದ ಕಾರ್ಡಿನ ಮೂಲೆಗೆಲ್ಲ ಮಸಿ ಬಳಿದ.

"ಹಬ್ಬದ ದಿನ ನನ್ನ ತಿಥಿ ಮಾಡ್ತೀಯೇನೋ!" ಅಂತ ಸಾಹುಕಾರರು ಕಟ್ಟನ್ನು ಮುಖಕ್ಕೆ ಎಸೆದು ಹೋದ್ರು. ಆಮೇಲೆ ಅವರ ಬೀದಿಯಿಂದ ಯಾರೂ ಕಾರ್ಡಿಗೆ ಬರಲಿಲ್ಲ.

ಹೊನ್ನಮ್ಮ ಆವತ್ತು ಬೈಯೋಕೂ ಆಗದೆ ಗೋಡೆಗೊರಗಿ ಕೂತಳು. ಕೊನೆಗೆ ಅಂದಳು, "ಕಣ್ಣು ನಂಬಬೇಡ ಮಗಾ. ಬಾಯಿಬಿಟ್ಟು ಕೇಳು, ಶುಭವೋ ಅಶುಭವೋ ಅಂತ. ಅವರ ಬಾಯಲ್ಲಿ ಏನು ಬರುತ್ತೋ ಅದನ್ನೇ ಮಾಡು."

"ಹೂಂನವ್ವ, ಹಾಗೇ ಮಾಡ್ತೀನಿ."

ಆ ವರ್ಷ ಹೊನ್ನಮ್ಮನಿಗೆ ಕಾಯಿಲೆ ಹಿಡೀತು. ಎದ್ದರೆ ತಲೆ ಸುತ್ತು, ಕೂತರೆ ಸುಸ್ತು. ಗೌರಿ ಹಬ್ಬ ಹತ್ತಿರ ಬಂತು. ಮನೆಮನೆಯಿಂದ ಹೆಣ್ಣುಮಕ್ಕಳಿಗೆ ಬಾಗಿನ ಹೋಗ್ತಾ ಇತ್ತು. ಅದನ್ನು ನೋಡಿ ನೋಡಿ ಅವಳ ಹಟ ಕರಗಿತು. ಒಂದು ಕಾರ್ಡು ಮಡಚಿ ಬಾಗಿನದ ಮೊರ ಬರೆದಳು. ಮೊರದ ಮೇಲೆ ಹಸಿರು ಬಳೆ ಬರೆದಳು. ಒಳಗೆ ಬರೆದದ್ದು ಇಷ್ಟೇ: "ದೇವೀರಿ, ಹಬ್ಬಕ್ಕೆ ಬಾ."

"ಗವಿಯಾ, ಇದನ್ನು ನಿಮ್ಮಕ್ಕನಿಗೆ ಕಳಿಸು. ಮೂಲೆ ಹಚ್ಚು."

ಗವಿಯ ಮರೆಯುವವನಲ್ಲ. "ಬಾಯಿಬಿಟ್ಟು ಹೇಳವ್ವ. ಶುಭವೋ ಅಶುಭವೋ?"

ಹಳೇ ನೋವು, ಸುಮ್ಮನಿರುತ್ತಾ? ಹೊನ್ನಮ್ಮ ಗೋಡೆ ಕಡೆ ಮಗ್ಗುಲಾಗಿ, "ಯಾವ ಶುಭ ಬಂತೋ ನನ್ನ ಹಾಳು ಹಣೆಗೆ! ಅವಳು ಹೊಸಿಲು ದಾಟಿದ ದಿನಾನೇ ನಾನು ಸತ್ತೆ" ಅಂದಳು. ಅವಳ ಕಣ್ಣಲ್ಲಿ ಎಷ್ಟು ಆಸೆ ಇತ್ತು ಅಂದ್ರೆ, ಕುರುಡನೂ ನೋಡಿ ಹೇಳ್ತಿದ್ದ. ಆದ್ರೆ ಗವಿಯನಿಗೆ ಕಣ್ಣು ನೋಡಬೇಡ ಅಂತ ಹೇಳಿತ್ತಲ್ಲ. ಅವನು ಬಾಯಿ ಕೇಳಿದ. ದೀಪದ ಮಸಿ ತೆಗೆದು ನಾಲ್ಕು ಮೂಲೆಗೂ ಹಚ್ಚಿದ. ಅಕ್ಕನ ಊರಿಗೆ ಹೋಗೋ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ. ಕಂಡಕ್ಟರು ಮಸಿ ನೋಡಿ ಲೊಚಗುಟ್ಟಿ ತಗೊಂಡು ಹೋದ.

ದೇವೀರಿ ಬಾಗಿಲಲ್ಲಿ ನಿಂತು ಕಾರ್ಡು ನೋಡಿದಳು. ತೌರಿಂದ ಬಂದ ಕಾರ್ಡು, ಆದ್ರೆ ತಾಯಿ ಬರೆದ ಚಿತ್ರ ಅವಳ ಕಣ್ಣಿಗೆ ಬೀಳಲಿಲ್ಲ, ಬಿದ್ದದ್ದು ಮೂಲೆಯ ಕಪ್ಪು. ಬಿಚ್ಚಿ ಓದಲಿಲ್ಲ. ಹೊಸಿಲಾಚೆಗೇ ಹರಿದಳು. ತಲೆಗೆ ನೀರು ಹುಯ್ಕೊಂಡಳು. ಒದ್ದೆ ಕೂದಲಲ್ಲಿ, ಬರಿಗಾಲಲ್ಲಿ, ಮಗುವನ್ನು ಕಂಕುಳಿಗೆ ಹಾಕ್ಕೊಂಡು ಅದೇ ಬಸ್ಸು ವಾಪಸು ಬರೋವಾಗ ಹತ್ತಿ ಬಂದಳು. ಬೀದಿ ತುದಿಯಿಂದಲೇ ಶುರು, "ಅಯ್ಯೋ ನನ್ನವ್ವಾ! ನನ್ನ ಮುಖ ನೋಡದೆ ಹೋದ್ಯಲ್ಲವ್ವಾ!"

ಒಳಗೆ ಹೊನ್ನಮ್ಮ ಗಂಜಿ ಕುಡೀತಾ ಕೂತಿದ್ದಳು. ಲೋಟ ಹಿಡ್ಕೊಂಡೇ ಬಾಗಿಲಿಗೆ ಬಂದಳು.

"ಯಾರೇ ಸತ್ತಿದ್ದು?"

"ನೀನೇ ಕಣವ್ವಾ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ರು. ಲೋಟ ಬಿತ್ತು. ಆಮೇಲೆ ತಬ್ಬಿಕೊಂಡು ಅತ್ತಿದ್ದು ನೋಡಿ ಬೀದಿಯೆಲ್ಲ ಅತ್ತಿತು. ದೇವೀರಿ ಹೇಳಿದಳು, "ಅರಿಶಿನ ಹಚ್ಚಿದ ಕಾರ್ಡು ಬರಲಿ ಅಂತ ವರ್ಷ ವರ್ಷ ಗೌರಿ ಹಬ್ಬಕ್ಕೆ ಬಾಗಿಲು ಕಾಯ್ತಿದ್ದೆ ಕಣವ್ವ. ಯಾಕೆ ಕಳಿಸಲಿಲ್ಲ?" ಹೊನ್ನಮ್ಮ ಮೊಮ್ಮಗುವನ್ನು ಎತ್ತಿಕೊಂಡಳು, ಅಷ್ಟೇ.

ಸಂಜೆ ಮಗನ ಕಿವಿ ಹಿಂಡಿದಳು. "ಅಯ್ಯೋ ಪೆದ್ದ! ಬದುಕಿರೋ ತಾಯಿಗೆ ಮಸಿ ಬಳಿದ್ಯಲ್ಲೋ!" ಬೈತಾ ಬೈತಾ ನಕ್ಕಳು, ನಗ್ತಾ ನಗ್ತಾ ಅತ್ತಳು. "ಇನ್ನೊಂದ್ಸಲ ಹಿಂಗೆ ಮಾಡಬೇಡ ಮಗಾ. ನನ್ನ ಬಾಯಿ ಕೆಟ್ಟದ್ದು, ಅದನ್ನೂ ಕೇಳಬೇಡ. ಇನ್ನು ಮೇಲೆ ನಿಮ್ಮಕ್ಕನ ಕೈಗೆ ಏನೇ ಕೊಡು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿಯೇ ಕೊಡಬೇಕು. ಗೊತ್ತಾಯ್ತಾ?"

"ಹೂಂನವ್ವ, ಹಾಗೇ ಮಾಡ್ತೀನಿ."

ಹಬ್ಬ ಆಯ್ತು. ಬಾಗಿನ ಆಯ್ತು. ದೇವೀರಿ ದೀಪಾವಳಿಗೆ ಬರ್ತೀನಿ ಅಂತ ಹೇಳಿ ಹೋದಳು. ದೀಪಾವಳಿ ಬರೋ ಮುಂಚೆ ಒಂದು ಬೆಳಗ್ಗೆ ಹೊನ್ನಮ್ಮ ಏಳಲಿಲ್ಲ.

ಗವಿಯ ಕರೆದ. ಅಲ್ಲಾಡಿಸಿದ. ಪಕ್ಕದ ಮನೆಯವರು ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಹೋದಳಪ್ಪ. ನಿಮ್ಮಕ್ಕನಿಗೆ ಸುದ್ದಿ ಕಳಿಸು. ಮಗಳ ಕೈಗೆ ಒಪ್ಪಿಸಿ ಆಮೇಲೆ ಎತ್ತೋಣ" ಅಂದ್ರು.

ಗವಿಯ ಒಂದು ಕಾರ್ಡು ಮಡಚಿದ. ಅವನಿಗೆ ಬರೆಯೋಕೆ ಬರ್ತಿದ್ದದ್ದು ಒಂದೇ ಮಾತು: "ಅಕ್ಕಾ ಬಾ." ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಬಸ್ಸಿಗೆ ಕೊಟ್ಟ.

ಅರಿಶಿನ ನೋಡಿದ ದೇವೀರಿ ಏನು ಅಂದ್ಕೊಂಡಾಳು? ಅವ್ವ ಹಬ್ಬಕ್ಕೆ ಮುಂಚೇನೇ ಕರೀತಿದ್ದಾಳೆ ಅಂದ್ಕೊಂಡಳು. ಒಳ್ಳೇ ಸೀರೆ ಉಟ್ಟಳು, ಹೂ ಮುಡಿದಳು, ತಾಯಿಗೆ ಇಷ್ಟ ಅಂತ ಡಬ್ಬಿ ತುಂಬ ಕಜ್ಜಾಯ ಕಟ್ಟಿಕೊಂಡಳು. ನಗ್ತಾ ಬಂದವಳು ಬಾಗಿಲ ಮುಂದಿನ ಬೆಂಕಿ ನೋಡಿ ಅಲ್ಲೇ ಕುಸಿದಳು. ಡಬ್ಬಿ ಬಿದ್ದು ಕಜ್ಜಾಯ ಬೀದಿಯೆಲ್ಲ ಉರುಳಿತು.

ಯಾರೋ ಹಿಡಿದು ಒಳಗೆ ಕರ್ಕೊಂಡು ಹೋದ್ರು. ಅಲ್ಲಿ ನೋಡಿದ್ರೆ ಇನ್ನೊಂದು ಗಲಾಟೆ. ಊರ ಹಿರಿಯರು ಕೂಗಾಡ್ತಾ ಇದ್ರು, "ಹಾಳಾದೋನೇ! ಗಂಡ ಸತ್ತವಳಿಗೆ ಇದೇನೋ ಮಾಡಿದೀಯ!"

ಹೊನ್ನಮ್ಮನ ಎರಡು ಅಂಗೈಗೂ ಅರಿಶಿನ. ಎರಡು ಪಾದಕ್ಕೂ ಅರಿಶಿನ. ದಪ್ಪಕ್ಕೆ, ನೀಟಾಗಿ. ಇಷ್ಟು ವರ್ಷ ಯಾರೂ ಮುಟ್ಟಿಸದ ಅರಿಶಿನ.

"ತಗೋ ಅಕ್ಕಾ" ಅಂದ ಗವಿಯ. "ನಿನ್ನ ಕೈಗೆ ಕೊಡೋದು ಅಂತ ಹೇಳಿದ್ರು. ನಾಲ್ಕು ಮೂಲೆಗೂ ಹಚ್ಚಿದ್ದೀನಿ. ಸರಿಯಾಗಿದೆಯಾ?"

ದೇವೀರಿ ತಾಯಿಯ ಅಂಗೈ ಹಿಡ್ಕೊಂಡಳು. ಅವಳ ಕೈಗೂ ಅರಿಶಿನ ಅಂಟಿತು. ಸರಿಯಾಗಿದೆ ಅಂತ ತಲೆ ಆಡಿಸಿದಳು.

ಹಿರಿಯರೊಬ್ಬರು ಬಿಂದಿಗೆ ನೀರು ಎತ್ತಿಕೊಂಡು ಬಂದ್ರು, ತೊಳೆಯೋಕೆ. ಗವಿಯ ಓಡಿಹೋಗಿ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ನೀರು ತಾಗಿಸಬೇಡಿ! ನೀರು ತಾಗಿದ್ರೆ ಕದಡಿಹೋಗುತ್ತೆ! ಅವ್ವ ಬೈತಾಳೆ!"

ಬಿಂದಿಗೆ ಹಿಡಿದವರು ದೇವೀರಿಯ ಮುಖ ನೋಡಿದ್ರು. "ಬಿಡಿ ದೊಡ್ಡಪ್ಪ" ಅಂದಳು ಅವಳು. "ಯಾರೂ ನೀರು ತಾಗಿಸಬೇಡಿ."

ಹಾಗೇ ಎತ್ತಿದ್ರು.