ಬೀಗ ಹಾಕಿದ ಬಾಗಿಲ ಮೇಲಿನ ಹೆಸರು

"ಹೆಸರು ಮೊದಲು ಹೋಗಿ ಹಿಡಿದವನಿಗೇ ಸೇರಬೇಕಲ್ಲವೇ ಗುರುಗಳೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಅವನ ವ್ಯಾಪಾರ ಇಂಟರ್ನೆಟ್ ಹೆಸರುಗಳದ್ದು. ಏಷ್ಯಾದ ಒಂದೊಂದು ದೇಶಕ್ಕೂ ಇಂಟರ್ನೆಟ್ಟಿನಲ್ಲಿ ಅದರದೇ ವಿಳಾಸಗಳಿವೆ, ಅಲ್ಲಿ ಒಂದು ಹೆಸರು ಒಬ್ಬರಿಗೆ ಮಾತ್ರ. ಮುಂದೆ ಯಾರಿಗಾದರೂ ಬೇಕಾದೀತು ಎನ್ನಿಸಿದ ಹೆಸರುಗಳನ್ನು ಅಲ್ಲೆಲ್ಲ ಮೊದಲೇ ಕೊಂಡು, ಬೆಲೆ ಏರಲೆಂದು ಕಾಯುವುದು ಅವನ ಕೆಲಸ. ಈಗ ವಿಯೆಟ್ನಾಮಿನ ನೇಕಾರ ಹೆಂಗಸರ ಗುಂಪೊಂದು, ಅಜ್ಜಿಯರ ಕಾಲದಿಂದ ನಮ್ಮದಾಗಿದ್ದ ಹೆಸರು ನಿಮ್ಮ ಹತ್ತಿರ ಇದೆ, ಬಿಟ್ಟುಕೊಡಿ ಎಂದು ಬೇಡುತ್ತಿತ್ತು. ಇನ್ನಷ್ಟು ಕಾಯೋಣವೆಂದು ಅವನ ಮನಸ್ಸು.

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಆಸೆಬುರುಕ, ಆದರೆ ಪೆದ್ದನಲ್ಲ. ಅವನು ಹೋಗಿಬರುತ್ತಿದ್ದ ಕಡಲಾಚೆಯ ರೇವುಪಟ್ಟಣದಲ್ಲಿ ಒಂದು ಕಟ್ಟಳೆ ಇತ್ತು. ಒಂದು ಹೆಸರಿನ ಹಲಗೆಯನ್ನು ಯಾರು ಮೊದಲು ತಮ್ಮ ಬಾಗಿಲಿಗೆ ತೂಗುಹಾಕುತ್ತಾರೋ ಆ ಹೆಸರು ಅವರದು, ಬೇರೆಯವರು ಹಾಕುವಂತಿಲ್ಲ. ವರುಷಕ್ಕೊಮ್ಮೆ ಹಲಗೆಗೆ ಹೊಸ ತೋರಣ ಕಟ್ಟಿದರಾಯಿತು, ಹಕ್ಕು ಉಳಿಯುತ್ತಿತ್ತು. ಆ ಊರಲ್ಲಿ ಹೆಸರಾಂತ ಸೂಲಗಿತ್ತಿಯೊಬ್ಬಳಿದ್ದಳು. ಊರಿಗೆಲ್ಲ ಗೊತ್ತಿದ್ದವಳು, ಅವಳಿಗೇಕೆ ಹಲಗೆ? ವರ್ತಕ ರೇವಿನೆದುರು ಒಂದು ಖಾಲಿ ಕೋಣೆ ಹಿಡಿದು, ಅವಳ ಹೆಸರನ್ನು ತೂಗುಹಾಕಿ, ಬೀಗ ಜಡಿದು ಬಂದ. ಊರು ಬೆಳೆದರೆ ಪರಸ್ಥಳದವರು ಅವಳನ್ನು ಹುಡುಕಿ ಬಂದಾರು, ಆಗ ಹೆಸರಿಗಾಗಿ ಅವಳು ತನ್ನ ಹತ್ತಿರ ಬರಲೇಬೇಕು ಎಂಬುದು ಅವನ ಎಣಿಕೆ.

ಕೆಲವು ವರುಷದ ಮೇಲೆ ಅವಳು, ನನ್ನ ಹೆಸರು ಬಿಟ್ಟುಕೊಡಿ ಎಂದು ಹೇಳಿಕಳಿಸಿದಳು. ಅವನು ಹೇಳಿದ ಬೆಲೆ ಕೇಳಿ ತೆಪ್ಪಗಾದಳು. ತಾಳಿದವನು ಬಾಳಿಯಾನು ಎಂದುಕೊಂಡ ವರ್ತಕ, ತಪ್ಪದೆ ಆಳನ್ನು ಕಳಿಸಿ ತೋರಣ ಕಟ್ಟಿಸುತ್ತ ಬಂದ.

ಅವನಿಗೊಬ್ಬಳೇ ಮಗಳು. ದೂರದ ದ್ವೀಪಕ್ಕೆ ಕೊಟ್ಟಿದ್ದ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ತುಂಬಿದ ಬಸುರಿ ಹಡಗು ಹತ್ತಿದಳು. ನಡುದಾರಿಯಲ್ಲಿ ನೋವು ಕಾಣಿಸಿಕೊಂಡಿತು. ಜೊತೆಯವರು ಹತ್ತಿರದ ರೇವಿನಲ್ಲಿ ಇಳಿಸಿದರು. ಅದೇ ರೇವು. ಸೂಲಗಿತ್ತಿಯ ಹೆಸರು ಅವರೂ ಕೇಳಿದ್ದರು. ಎದುರಿಗೇ ಹಲಗೆ, ಅದರ ಮೇಲೆ ಹೊಸ ತೋರಣ. ಸದ್ಯ, ಬದುಕಿದೆವು ಎಂದು ಹುಡುಗಿಯನ್ನು ಆ ಹೊಸ್ತಿಲಲ್ಲಿ ಮಲಗಿಸಿದರು. ಬಾಗಿಲಿಗೆ ಬೀಗ, ಎಲ್ಲೋ ಹೆರಿಗೆಗೆ ಹೋಗಿರಬೇಕು ಎಂದುಕೊಂಡರು. ಗಂಡಸರೆಲ್ಲ ಮೀನಿಗೆ, ಹೆಂಗಸರೆಲ್ಲ ಸಂತೆಗೆ ಹೋದ ಹೊತ್ತು. ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ಬಂದಾಳು, ಇನ್ನೇನು ಬಂದಾಳು ಎಂದು ಕಾದರು. ಬಿಸಿಲೇರಿತು. ಸಂತೆಯಿಂದ ಮರಳುತ್ತಿದ್ದ ಹೆಂಗಸೊಬ್ಬಳು ನೋಡಿ, ಅಯ್ಯೋ, ಅವಳ ಮನೆ ಹಿಂದಿನ ಓಣಿಯಲ್ಲಿ ಎಂದು ಓಡಿಹೋಗಿ ಕರೆತಂದಳು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

ವರ್ತಕ ಬಂದ. ಎದೆ ಬಡಿದುಕೊಂಡು ಅತ್ತ. ಸಂಕಟದಲ್ಲಿ ಮನುಷ್ಯ ಇನ್ನೊಬ್ಬರ ತಪ್ಪು ಹುಡುಕುತ್ತಾನೆ ನೋಡು, ಹಾಗೆ ಸೂಲಗಿತ್ತಿಯ ಮೇಲೆ ಹರಿಹಾಯ್ದ.

"ನಿನ್ನ ಬಾಗಿಲಿಗೆ ಒಂದು ಹಲಗೆ ಹಾಕಲು ಏನಾಗಿತ್ತು ನಿನಗೆ?"

ಅವಳು ಮಗುವನ್ನು ಅವನ ಮಡಿಲಿಗೆ ಹಾಕಿದಳು.

"ನನ್ನ ಹೆಸರು ನಿಮ್ಮ ಬಾಗಿಲ ಮೇಲಿತ್ತು, ಸ್ವಾಮಿ."

ಗುರು ಅಲ್ಲಿಗೆ ನಿಲ್ಲಿಸಿದರು. ಆಮೇಲಾದರೂ ವರ್ತಕ ಆ ಹಲಗೆ ಇಳಿಸಿದನೇ ಎಂದು ಚೆನ್ನವೀರ ಮೆಲ್ಲಗೆ ಕೇಳಿದ.

"ಅವನು ಇಳಿಸಿದ, ನಿನ್ನದು ಇನ್ನೂ ತೂಗುತ್ತಿದೆ."